ಮೂರು ಕಿಲೋಬೈಟಿನ ಚೆಕ್ಕುಬಂದಿ

ಸರ್ವರ್‌ನಲ್ಲಿ ಡೇಟಾ ಹೋಯಿತು ಎಂಬ ಕೂಗು ಎದ್ದಾಗಲೆಲ್ಲ ಡೇಟಾ ನಿಜಕ್ಕೂ ಹೋಗಿರುತ್ತದೆ ಎಂದೇನಿಲ್ಲ. ಎಷ್ಟೋ ಸಲ ಬೈಟುಗಳೆಲ್ಲ ಡಿಸ್ಕಿನ ಮೇಲೆ ಇದ್ದ ಜಾಗದಲ್ಲೇ ಇರುತ್ತವೆ. ಯಾವುದು ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕ ಮಾತ್ರ ಅಳಿಸಿರುತ್ತದೆ. ಆ ಲೆಕ್ಕದ ಗಾತ್ರವಾದರೂ ಎಷ್ಟು? ಹತ್ತಾರು ಟೆರಾಬೈಟ್ ಹೊತ್ತ ಯಂತ್ರದಲ್ಲೂ ಎರಡು ಮೂರು ಕಿಲೋಬೈಟ್. ವಾಲ್ಯೂಮ್‌ಗಳು ಬಹಳ ಇದ್ದರೆ ಹತ್ತಿಪ್ಪತ್ತು. ಡೇಟಾಕ್ಕೆ ದಿನಾ ರಾತ್ರಿ ತಪ್ಪದೆ ಬ್ಯಾಕಪ್ ಮಾಡುವ ಕಚೇರಿಗಳಲ್ಲೂ ಇಷ್ಟು ಪುಟ್ಟ ಪಠ್ಯಕ್ಕೆ ಬೇರೊಂದು ಯಂತ್ರದಲ್ಲಿ ಪ್ರತಿ ಇಟ್ಟಿರುವುದು ಅಪರೂಪ. ಕೇಳಿದರೆ, "ಅದು ತಾನೇ ಸೇವ್ ಆಗತ್ತೆ ಬಿಡಿ ಸಾರ್" ಎನ್ನುತ್ತಾರೆ. ಸೇವ್ ಆಗುವುದು ನಿಜ. ಎಲ್ಲಿ ಸೇವ್ ಆಗುತ್ತದೆ ಎನ್ನುವುದೇ ತಕರಾರು.

ಜಮೀನಿನ ವ್ಯವಹಾರ ಕಂಡವರಿಗೆ ಇದು ಬೇಗ ತಿಳಿದೀತು. ಬಾಂದುಕಲ್ಲು ಕಿತ್ತು ಬಿಸಾಡಿದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಚೆಕ್ಕುಬಂದಿ ಬರೆದ ಪತ್ರ, ಸರ್ವೆ ನಕ್ಷೆ ಕೈಯಲ್ಲಿದ್ದರೆ ಹದ್ದುಬಸ್ತು ಮಾಡಿಸಿ ಕಲ್ಲನ್ನು ಅದೇ ಜಾಗದಲ್ಲಿ ಮತ್ತೆ ನೆಡಿಸಬಹುದು. ಅಷ್ಟರೊಳಗೆ ಪಕ್ಕದವರು ಉತ್ತುಬಿಟ್ಟಿದ್ದರೆ ಮಾತ್ರ ನಿಂತಿದ್ದ ಬೆಳೆ ವಾಪಸ್ ಬರದು. ಸರ್ವರ್‌ನ ವಾಲ್ಯೂಮ್ ಕಾನ್ಫಿಗರೇಶನ್ ಎಂದರೆ ಈ ಚೆಕ್ಕುಬಂದಿ ಪತ್ರ.

ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಡಿಸ್ಕು, ಅದರಲ್ಲಿ ಒಂದೆರಡು ಪಾರ್ಟಿಶನ್ ಇದ್ದರೆ ಕೆಲಸ ನಡೆಯುತ್ತದೆ. ಸರ್ವರ್‌ಗೆ ಅದು ಸಾಲದು. ಡೇಟಾಬೇಸ್ ಇಟ್ಟ ಪಾರ್ಟಿಶನ್ ತುಂಬಿತು, ಪಕ್ಕದ ಪಾರ್ಟಿಶನ್ ಖಾಲಿ ಬಿದ್ದಿದೆ, ಆದರೂ ನಡುವಿನ ಗೋಡೆ ಸರಿಸಲಾಗದು. ಈ ತೊಡಕು ಬಗೆಹರಿಸಲೆಂದೇ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಅಂದರೆ ಎಲ್‌ವಿಎಂ ಬಂದದ್ದು. ಐಬಿಎಂ 1990ರಲ್ಲಿ ತನ್ನ ಆರ್‌ಎಸ್/6000 ಯಂತ್ರಗಳ ಜೊತೆ ಕೊಟ್ಟ ಎಐಎಕ್ಸ್‌ನಲ್ಲೇ ಅದಿತ್ತು. ಎಚ್‌ಪಿಯ ಎಚ್‌ಪಿ-ಯುಎಕ್ಸ್‌ನಲ್ಲೂ ಬಂತು. ಅದನ್ನೇ ಮಾದರಿಯಾಗಿಟ್ಟುಕೊಂಡು ಹೈಂಜ್ ಮೌಲ್ಸ್‌ಹಾಗೆನ್ 1998ರಲ್ಲಿ ಲಿನಕ್ಸ್‌ಗೆ ಎಲ್‌ವಿಎಂ ಬರೆದರು. ಅದನ್ನು ಬೆಳೆಸಿದ ಸಿಸ್ಟಿನಾ ಕಂಪನಿಯನ್ನು ರೆಡ್ ಹ್ಯಾಟ್ 2003ರ ಕೊನೆಗೆ ಕೊಂಡುಕೊಂಡಿತು. ಅದೇ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 2.6 ಕರ್ನಲ್‌ನಲ್ಲಿ ಇಂದಿನ ಎಲ್‌ವಿಎಂ2ಗೆ ಬೇಕಾದ ಡಿವೈಸ್ ಮ್ಯಾಪರ್ ಸೇರಿತ್ತು. ಈಗ ಉಬುಂಟು ಸರ್ವರ್ ಹಾಕಲಿ, ರೆಡ್ ಹ್ಯಾಟ್ ಹಾಕಲಿ, ಬೇಡವೆನ್ನದಿದ್ದರೆ ಎಲ್‌ವಿಎಂ ಕೂತೇ ಇರುತ್ತದೆ. ಹಾಗಾಗಿ ಈ ಬರಹ ಲಿನಕ್ಸ್ ಎಲ್‌ವಿಎಂ ಸುತ್ತಲೇ ತಿರುಗುತ್ತದೆ.

ಏರ್ಪಾಡು ಸರಳ. ಒಂದೊಂದು ಡಿಸ್ಕನ್ನೂ ಫಿಸಿಕಲ್ ವಾಲ್ಯೂಮ್ ಎಂದು ಗುರುತು ಹಾಕುತ್ತಾರೆ. ಅಂಥ ಹಲವನ್ನು ಕೂಡಿಸಿ ಒಂದು ವಾಲ್ಯೂಮ್ ಗ್ರೂಪ್ ಮಾಡುತ್ತಾರೆ. ಆ ಒಟ್ಟು ಜಾಗದಿಂದ ಬೇಕಾದಷ್ಟು ಅಳತೆಯ ಹಿಸ್ಸಾ ತೆಗೆದು ಲಾಜಿಕಲ್ ವಾಲ್ಯೂಮ್ ಎನ್ನುತ್ತಾರೆ. ಅಳತೆಯ ಘಟಕಕ್ಕೆ ಎಕ್ಸ್‌ಟೆಂಟ್ ಎಂದು ಹೆಸರು. ಬದಲಿಸದಿದ್ದರೆ ಒಂದು ಎಕ್ಸ್‌ಟೆಂಟ್ ಅಂದರೆ 4 ಮೆಬಿಬೈಟ್. ಹಿಸ್ಸಾ ಒಂದೇ ಡಿಸ್ಕಿನೊಳಗೆ ಇರಬೇಕೆಂದಿಲ್ಲ, ಒಂದೇ ಕಡೆ ಸೇರಿಕೊಂಡಿರಬೇಕೆಂದೂ ಇಲ್ಲ. ಒಂದು ತುಂಡು ಮೊದಲ ಡಿಸ್ಕಿನಲ್ಲಿ, ಇನ್ನೊಂದು ಮೂರನೆಯದರ ನಡುವೆ, ಆಮೇಲೆ ಸೇರಿಸಿದ್ದು ಎರಡನೆಯದರ ಕೊನೆಯಲ್ಲಿ. ಫೈಲ್ ಸಿಸ್ಟಮ್‌ಗೆ ಇದೊಂದೂ ಕಾಣದು; ಅದರ ಪಾಲಿಗೆ ಎಲ್ಲವೂ ಒಂದೇ ಉದ್ದನೆಯ ಪಟ್ಟಿ. ಅನುಕೂಲ ಇರುವುದೇ ಇಲ್ಲಿ, ಅಪಾಯವೂ ಇಲ್ಲೇ. ತುಂಡುಗಳ ಲೆಕ್ಕ ಕಳೆದರೆ ಆ ಪಟ್ಟಿಯನ್ನು ಮತ್ತೆ ಹೊಲಿಯುವವರು ಯಾರು?

ಲೆಕ್ಕ ಎಲ್ಲಿರುತ್ತದೆ ನೋಡೋಣ. ಪ್ರತಿ ಫಿಸಿಕಲ್ ವಾಲ್ಯೂಮಿನ ಮೊದಲ ಒಂದು ಮೆಬಿಬೈಟನ್ನು ಎಲ್‌ವಿಎಂ ತನಗೆಂದೇ ಇಟ್ಟುಕೊಳ್ಳುತ್ತದೆ. ಎರಡನೇ ಸೆಕ್ಟರ್‌ನಲ್ಲಿ 'ಲೇಬಲ್‌ಒನ್' ಎಂಬ ಎಂಟಕ್ಷರದ ಗುರುತು. ಅದು ಕಾಣದಿದ್ದರೆ ಎಲ್‌ವಿಎಂ ಪಾಲಿಗೆ ಆ ಡಿಸ್ಕು ಯಾರದೋ ಡಿಸ್ಕು. ಉಳಿದ ಜಾಗದಲ್ಲಿ ಇಡೀ ಗ್ರೂಪಿನ ವಿವರ. ಬೇರೆ ಏರ್ಪಾಡು ಮಾಡದಿದ್ದರೆ ಗ್ರೂಪಿನ ಎಲ್ಲ ಡಿಸ್ಕುಗಳಲ್ಲೂ ಅದೇ ವಿವರದ ಪ್ರತಿ ಇರುತ್ತದೆ. ಬದಲಾವಣೆ ಆದಾಗ ಹಳೆಯದರ ಮೇಲೆ ಬರೆಯುವುದಿಲ್ಲ, ಮುಂದಿನ ಜಾಗದಲ್ಲಿ ಬರೆಯುತ್ತಾ ಹೋಗುತ್ತದೆ. ಕೊನೆ ಮುಟ್ಟಿದಾಗ ಸುತ್ತಿ ಮೊದಲಿಗೆ ಬರುತ್ತದೆ. ಅಂದರೆ ಡಿಸ್ಕಿನ ಆ ಮೂಲೆಯಲ್ಲಿ ಹಳೆಯ ಆವೃತ್ತಿಗಳೂ ಒಂದಷ್ಟು ಕಾಲ ಬಿದ್ದಿರುತ್ತವೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಎಲ್‌ವಿಎಂ2 ಮಾಡಿದವರು ಈ ವಿವರವನ್ನು ಬೈನರಿಯಲ್ಲಿ ಬಚ್ಚಿಡದೆ ಸಾದಾ ಪಠ್ಯವಾಗಿ ಬರೆದರು. ಮೊದಲ ಎಲ್‌ವಿಎಂನಲ್ಲಿ ಹೀಗಿರಲಿಲ್ಲ. ನನ್ನನ್ನು ಕೇಳಿದರೆ ಇಡೀ ಎಲ್‌ವಿಎಂನಲ್ಲಿ ಇಷ್ಟು ಉಪಕಾರಿಯಾದ ನಿರ್ಧಾರ ಇನ್ನೊಂದಿಲ್ಲ. ಇಂಥ ಒಂದು ಫೈಲ್ ತೆರೆದು ಕಣ್ಣಲ್ಲೇ ಓದಬಹುದು. ತಲೆಯಲ್ಲಿ ಡಿಸ್ಕ್ರಿಪ್ಶನ್ ಎಂಬ ಸಾಲು: ಇಂಥ ಕಮಾಂಡ್ ನಡೆಸುವ ಮೊದಲು ಬರೆದದ್ದು, ಅಥವಾ ನಡೆಸಿದ ಮೇಲೆ ಬರೆದದ್ದು. ಯಾವ ಯಂತ್ರದಲ್ಲಿ, ಯಾವ ಹೊತ್ತಿನಲ್ಲಿ ಎಂಬುದೂ ಉಂಟು. ಆಮೇಲೆ ಗ್ರೂಪಿನ ಹೆಸರು, ಅದರ ಗುರುತಿನ ಸಂಖ್ಯೆ, ಸೀಕ್ವೆನ್ಸ್ ನಂಬರ್. ಪ್ರತಿ ಬದಲಾವಣೆಗೂ ಈ ನಂಬರ್ ಒಂದೊಂದು ಏರುತ್ತದೆ. ಮುಂದೆ ಡಿಸ್ಕುಗಳ ಪಟ್ಟಿ. ಪ್ರತಿಯೊಂದಕ್ಕೂ ಅಡ್ಡಗೆರೆಗಳಿಂದ ಬಿಡಿಸಿದ 32 ಅಕ್ಷರಗಳ ಯುಯುಐಡಿ, ಆ ದಿನ ಡಿಸ್ಕಿಗಿದ್ದ ಹೆಸರು, ಡೇಟಾ ಎಷ್ಟನೇ ಸೆಕ್ಟರ್‌ನಿಂದ ಶುರು, ಒಟ್ಟು ಎಷ್ಟು ಎಕ್ಸ್‌ಟೆಂಟ್. ಡಿಸ್ಕಿನ ಹೆಸರಿನ ಪಕ್ಕದಲ್ಲಿ ಎಲ್‌ವಿಎಂ ತಾನೇ ಒಂದು ಷರಾ ಬರೆದಿರುತ್ತದೆ: ಇದು ಸುಳಿವು ಮಾತ್ರ. ಜಾಣತನದ ಷರಾ, ಏಕೆಂದರೆ ಇವತ್ತಿನ ಎಸ್‌ಡಿಬಿ ನಾಳೆ ಮರುಚಾಲನೆಯಾದ ಮೇಲೆ ಎಸ್‌ಡಿಸಿ ಆಗಬಹುದು.

ಕೊನೆಯ ಭಾಗದಲ್ಲಿ ಲಾಜಿಕಲ್ ವಾಲ್ಯೂಮ್‌ಗಳು. ಉದಾಹರಣೆಗೆ ಲೆಕ್ಕಪತ್ರ ಇಟ್ಟ ಒಂದು ವಾಲ್ಯೂಮಿಗೆ ಎರಡು ಸೆಗ್ಮೆಂಟ್ ಇವೆ ಎನ್ನೋಣ. ಮೊದಲನೆಯದು 0ರಿಂದ ಶುರು, 25,600 ಎಕ್ಸ್‌ಟೆಂಟ್, ಮೊದಲ ಡಿಸ್ಕಿನ ತಲೆಯಿಂದ. ನಾಲ್ಕರಿಂದ ಗುಣಿಸಿ 1,024ರಿಂದ ಭಾಗಿಸಿದರೆ 100 ಗಿಬಿಬೈಟ್. ಎರಡನೆಯದು 25,600ರಿಂದ ಶುರು, 12,800 ಎಕ್ಸ್‌ಟೆಂಟ್, ಎರಡನೇ ಡಿಸ್ಕಿನಲ್ಲಿ. ಯಾರೋ ಒಂದು ದಿನ 50 ಗಿಬಿಬೈಟ್ ಸೇರಿಸಿ ದೊಡ್ಡದು ಮಾಡಿದ್ದಾರೆ. ವಾಲ್ಯೂಮಿನ ಚರಿತ್ರೆ ಪೂರ್ತಿ ಇಷ್ಟೇ. ಈ ಆರೇಳು ಅಂಕಿ ಇಲ್ಲದಿದ್ದರೆ 150 ಗಿಬಿಬೈಟ್ ಲೆಕ್ಕಪತ್ರ ಬರೀ ಬೈಟುಗಳ ರಾಶಿ.

ಈಗ ತಕರಾರಿನ ವಿಷಯ. ಎಲ್‌ವಿಎಂನಲ್ಲಿ ಏನೇ ಬದಲಿಸಿದರೂ, ಇಟಿಸಿ ಡೈರೆಕ್ಟರಿಯ ಎಲ್‌ವಿಎಂ ಫೋಲ್ಡರಿನೊಳಗೆ ಎರಡು ಕಡೆ ಪ್ರತಿ ಬೀಳುತ್ತದೆ. 'ಬ್ಯಾಕಪ್' ಎಂಬಲ್ಲಿ ಈಗಿನ ಸ್ಥಿತಿ. 'ಆರ್ಕೈವ್' ಎಂಬಲ್ಲಿ ಹಿಂದಿನವುಗಳ ಸರಣಿ, ಕ್ರಮಸಂಖ್ಯೆ ಹಾಕಿ. ಕಾನ್ಫಿಗ್ ಫೈಲಿನಲ್ಲಿ ಬದಲಿಸದಿದ್ದರೆ ಕನಿಷ್ಠ 10 ಪ್ರತಿ, 30 ದಿನಗಳೊಳಗಿನವು ಅಷ್ಟೂ ಉಳಿಯುತ್ತವೆ. ಕೇಳದೆಯೇ ಇಷ್ಟು ಮಾಡುವ ತಂತ್ರಾಂಶಗಳು ಕಡಿಮೆ. ಆದರೆ ಆ ಇಟಿಸಿ ಡೈರೆಕ್ಟರಿ ಇರುವುದೆಲ್ಲಿ? ರೂಟ್ ಫೈಲ್ ಸಿಸ್ಟಮಿನಲ್ಲಿ. ರೂಟ್ ಫೈಲ್ ಸಿಸ್ಟಮ್ ಇರುವುದೆಲ್ಲಿ? ಎಷ್ಟೋ ಸರ್ವರ್‌ಗಳಲ್ಲಿ ಅದೇ ವಾಲ್ಯೂಮ್ ಗ್ರೂಪಿನ ಒಂದು ಲಾಜಿಕಲ್ ವಾಲ್ಯೂಮಿನಲ್ಲಿ. ಗ್ರೂಪು ತೆರೆಯದಿದ್ದರೆ ಫೈಲು ಸಿಗದು; ಫೈಲು ಸಿಗದಿದ್ದರೆ ಗ್ರೂಪು ತೆರೆಯದು. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿಯುವುದು ಅಂದರೆ ಇದೇ.

ಇದಕ್ಕಾಗಿಯೇ ಇರುವ ಕಮಾಂಡ್ ವಿಜಿಸಿಎಫ್‌ಜಿಬ್ಯಾಕಪ್. ಇದರ ಹೆಸರೂ ಎಚ್‌ಪಿ-ಯುಎಕ್ಸ್ ಕಾಲದ್ದೇ. ಫೈಲಿನ ಜಾಗ ಹೇಳಿಕೊಟ್ಟರೆ ಅಲ್ಲಿಗೆ ಬರೆಯುತ್ತದೆ. ಆ ಫೈಲನ್ನು ಬೇರೊಂದು ಯಂತ್ರಕ್ಕೆ ಕಳಿಸಿದರೆ ಮುಗಿಯಿತು. ರಾತ್ರಿ ಕ್ರಾನ್‌ಗೆ ಹಾಕಿದರೆ ಸೆಕೆಂಡಿನೊಳಗೆ ಮುಗಿಯುವ ಕೆಲಸ. ಇಷ್ಟಕ್ಕೂ ಮೂರು ಕಿಲೋಬೈಟನ್ನು ಪ್ರಿಂಟ್ ತೆಗೆದರೆ ಎರಡು ಮೂರು ಹಾಳೆ. ಅದನ್ನು ಕಚೇರಿಯ ಬೀರುವಿನಲ್ಲಿಟ್ಟರೆ ನಗುವವರು ನಗಲಿ. ಆ ಹಾಳೆ ನೋಡಿ ಫೈಲನ್ನು ಕೈಯಾರೆ ಟೈಪ್ ಮಾಡಿಕೊಂಡರೂ ಎಲ್‌ವಿಎಂ ಒಪ್ಪುತ್ತದೆ. ಪಠ್ಯವಾಗಿ ಬರೆದದ್ದರ ಫಲ ಇದು.

ವಾಪಸ್ ತರುವ ಕೆಲಸಕ್ಕೆ ಬರೋಣ. ಎರಡು ಬಗೆಯ ಅನಾಹುತಗಳು ಮತ್ತೆ ಮತ್ತೆ ಕಾಣುತ್ತವೆ.

ಒಂದು, ತಪ್ಪು ವಾಲ್ಯೂಮನ್ನು ಅಳಿಸಿದ್ದು. ಬಳಕೆಯಲ್ಲಿರುವ, ಮೌಂಟ್ ಆಗಿರುವ ವಾಲ್ಯೂಮನ್ನು ಎಲ್‌ವಿರಿಮೂವ್ ಕಮಾಂಡ್ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ, ತಕರಾರು ಮಾಡುತ್ತದೆ. ಸಿಕ್ಕಿಬೀಳುವುದು ಸುಮ್ಮನಿರುವ ವಾಲ್ಯೂಮ್‌ಗಳು: ಆಫ್ ಮಾಡಿಟ್ಟ ವರ್ಚುವಲ್ ಮಷಿನ್‌ನ ಡಿಸ್ಕು, ತಿಂಗಳಿಗೊಮ್ಮೆ ಮಾತ್ರ ತೆರೆಯುವ ಹಳೆಯ ದಾಖಲೆಗಳ ವಾಲ್ಯೂಮು. ಅಳಿಸಿದಾಗ ಆಗುವುದು ಇಷ್ಟೇ, ವಿವರದ ಪಠ್ಯದಿಂದ ಆ ಹೆಸರಿನ ಸಾಲುಗಳು ಹೋಗುತ್ತವೆ, ಆ ಎಕ್ಸ್‌ಟೆಂಟ್‌ಗಳು ಖಾಲಿ ಎಂದು ಲೆಕ್ಕಕ್ಕೆ ಬರುತ್ತವೆ. ಡೇಟಾವನ್ನು ಯಾರೂ ಮುಟ್ಟಿರುವುದಿಲ್ಲ.

ಇಲ್ಲಿ ಮೊದಲ ಕೆಲಸ ಏನೂ ಮಾಡದಿರುವುದು. ಬೆಂಗಳೂರಿನ ಎಷ್ಟೋ ತಂಡಗಳು ರಾತ್ರಿ ಪಾಳಿಯಲ್ಲಿ ಕೂತು ಯುರೋಪು, ಅಮೆರಿಕದ ಸರ್ವರ್‌ಗಳನ್ನು ನೋಡಿಕೊಳ್ಳುತ್ತವೆ. ನಡುರಾತ್ರಿ ಇಂಥದ್ದಾದಾಗ ಕೈ ತಡೆಯದೆ ಅದೇ ಅಳತೆಯ ವಾಲ್ಯೂಮನ್ನು ಹೊಸದಾಗಿ ಮಾಡಿಬಿಡೋಣ ಅನ್ನಿಸುವುದು ಸಹಜ. "ಅದೇ ಹೆಸರು, ಅದೇ ಸೈಜು ಕೊಟ್ಟರೆ ಅದೇ ಜಾಗಕ್ಕೆ ಕೂರುತ್ತಲ್ವಾ ಸಾರ್?" ಕೂರಬಹುದು, ಕೂರದೆಯೂ ಇರಬಹುದು. ಕೂತರೂ ಎಲ್‌ವಿಕ್ರಿಯೇಟ್ ಕಮಾಂಡ್ ಹೊಸ ವಾಲ್ಯೂಮಿನ ತಲೆಯನ್ನು ಸೊನ್ನೆಯಿಂದ ಒರೆಸುತ್ತದೆ. ಅಲ್ಲಿ ಹಳೆಯ ಫೈಲ್ ಸಿಸ್ಟಮಿನ ಗುರುತು ಕಂಡರೆ ಅಳಿಸಲೇ ಎಂದು ಕೇಳುತ್ತದೆ. ನಿದ್ದೆಗಣ್ಣಿನಲ್ಲಿ 'ವೈ' ಒತ್ತಿದರೆ ಉಳಿದಿದ್ದಕ್ಕೂ ಸಂಚಕಾರ.

ಸರಿಯಾದ ದಾರಿ ವಿಜಿಸಿಎಫ್‌ಜಿರಿಸ್ಟೋರ್. ಮೊದಲು ಅದರ ಲಿಸ್ಟ್ ಆಯ್ಕೆ ಕೊಟ್ಟು ಆರ್ಕೈವ್‌ನಲ್ಲಿರುವ ಪ್ರತಿಗಳನ್ನೆಲ್ಲ ಸಾಲಾಗಿ ನೋಡಬೇಕು. ಪ್ರತಿಯೊಂದರ ಪಕ್ಕದಲ್ಲೂ ಆ ಡಿಸ್ಕ್ರಿಪ್ಶನ್ ಸಾಲು ಇರುತ್ತದೆ. ಅಳಿಸುವ ಕಮಾಂಡ್ ನಡೆಸುವ ಮೊದಲು ಬರೆದದ್ದು ಯಾವುದೋ ಅದೇ ನಮಗೆ ಬೇಕಾದ್ದು. ಅದನ್ನು ಟೆಸ್ಟ್ ಆಯ್ಕೆಯೊಡನೆ ಒಮ್ಮೆ ನಡೆಸಿ ನೋಡಿ, ಆಮೇಲೆ ನಿಜಕ್ಕೂ ನಡೆಸಿ, ವಾಲ್ಯೂಮನ್ನು ಆಕ್ಟಿವೇಟ್ ಮಾಡಿದರೆ ಅದು ಎದ್ದು ಕೂರುತ್ತದೆ. ಫೈಲ್ ಸಿಸ್ಟಮನ್ನು ಬರೆಯದೆ ಬರೀ ಪರೀಕ್ಷಿಸುವ ಹಾಗೆ ಚೆಕ್ ಮಾಡಬೇಕು. ಮೌಂಟ್ ಮಾಡುವುದೂ ಓದುವುದಕ್ಕೆ ಮಾತ್ರ.

ಇದರಲ್ಲಿ ಎರಡು ಹಳ್ಳಗಳಿವೆ. ಮೊದಲನೆಯದು, ರಿಸ್ಟೋರ್ ಎಂದರೆ ಒಂದು ವಾಲ್ಯೂಮಿನ ರಿಸ್ಟೋರ್ ಅಲ್ಲ, ಇಡೀ ಗ್ರೂಪಿನದು. ಸೋಮವಾರದ ಪ್ರತಿ ಹಾಕಿದರೆ ಮಂಗಳವಾರ ಹೊಸದಾಗಿ ಮಾಡಿದ ವಾಲ್ಯೂಮ್ ಲೆಕ್ಕದಿಂದ ಮಾಯವಾಗುತ್ತದೆ. ಬುಧವಾರ ಹಿಗ್ಗಿಸಿದ್ದು ಮತ್ತೆ ಕುಗ್ಗುತ್ತದೆ, ಒಳಗಿನ ಫೈಲ್ ಸಿಸ್ಟಮ್ ಮಾತ್ರ ತಾನಿನ್ನೂ ದೊಡ್ಡದೇ ಎಂದುಕೊಂಡಿರುತ್ತದೆ. ಗ್ರೂಪಿನ ಬೇರೆ ವಾಲ್ಯೂಮ್‌ಗಳು ಚಾಲ್ತಿಯಲ್ಲಿದ್ದರೆ ಇತ್ತೀಚಿನ ಎಲ್‌ವಿಎಂ ಎಚ್ಚರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಎರಡನೆಯದು ಎಸ್‌ಎಸ್‌ಡಿ. ಎಲ್‌ವಿಎಂ ಕಾನ್ಫಿಗ್‌ನಲ್ಲಿ 'ಇಶ್ಯೂ ಡಿಸ್ಕಾರ್ಡ್ಸ್' ಎಂಬ ಸ್ವಿಚ್ಚಿದೆ, ಮೂಲದಲ್ಲಿ ಅದು ಆಫ್. ಯಾರಾದರೂ ಅದನ್ನು ಆನ್ ಮಾಡಿದ್ದರೆ, ವಾಲ್ಯೂಮ್ ಅಳಿಸಿದ ಕೂಡಲೇ ಈ ಜಾಗ ಇನ್ನು ಬೇಡ ಎಂಬ ಸಂದೇಶ ಎಸ್‌ಎಸ್‌ಡಿಗೆ ಹೋಗುತ್ತದೆ, ಅದು ಜಾಗವನ್ನು ತೆರವು ಮಾಡಿಕೊಳ್ಳುತ್ತದೆ. ಆಮೇಲೆ ಲೆಕ್ಕ ಎಷ್ಟೇ ಸರಿಯಾಗಿ ತಂದಿಟ್ಟರೂ ಓದಿದಾಗ ಸಾಮಾನ್ಯವಾಗಿ ಬರುವುದು ಸೊನ್ನೆಗಳೇ. ಎಸ್‌ಎಸ್‌ಡಿ ಬಾಳಿಕೆ ಬರಲಿ ಎಂದು ಇದನ್ನು ಆನ್ ಮಾಡಲು ಸಲಹೆ ಕೊಡುವವರಿದ್ದಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಫೈಲ್ ಸಿಸ್ಟಮ್ ಮಟ್ಟದಲ್ಲಿ ವಾರಕ್ಕೊಮ್ಮೆ ನಡೆಯುವ ಟ್ರಿಮ್ ಸಾಕು; ಅಳಿಸಿದ್ದನ್ನು ಮರಳಿ ತರುವ ಒಂದೇ ಬಾಗಿಲನ್ನು ಮುಚ್ಚುವಷ್ಟು ಲಾಭ ಇದರಲ್ಲಿಲ್ಲ.

ಇನ್ನೊಂದು ಬಗೆಯ ಅನಾಹುತದಲ್ಲಿ ಡಿಸ್ಕಿನ ತಲೆಯೇ ಹೋಗಿರುತ್ತದೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ತಪ್ಪು ಡಿಸ್ಕಿಗೆ ಪಾರ್ಟಿಶನ್ ಟೇಬಲ್ ಬರೆದದ್ದು, ಹೆಸರು ಅದಲುಬದಲಾದದ್ದು ತಿಳಿಯದೆ ಡಿಡಿ ಕಮಾಂಡ್ ಓಡಿಸಿದ್ದು. ಇಂಥ ಯುಯುಐಡಿ ಇರುವ ಡಿವೈಸ್ ಸಿಗುತ್ತಿಲ್ಲ ಎಂದು ಎಲ್‌ವಿಎಂ ದೂರುತ್ತದೆ. ಆಗ ಹುಡುಕಾಡಿದವರ ಕಣ್ಣಿಗೆ ಬೀಳುವ ಮೊದಲ ಪರಿಹಾರ ವಿಜಿರೆಡ್ಯೂಸ್ ಕಮಾಂಡಿನ 'ರಿಮೂವ್ ಮಿಸಿಂಗ್' ಆಯ್ಕೆ. ಎಚ್ಚರಿಕೆ ಮಾಯವಾಗುತ್ತದೆ ನಿಜ. ಫೋರ್ಸ್ ಸೇರಿಸಿ ಕೊಟ್ಟರೆ ಆ ಡಿಸ್ಕಿನ ಮೇಲೆ ಒಂದು ತುಂಡು ಇಟ್ಟಿದ್ದ ವಾಲ್ಯೂಮ್‌ಗಳೂ ಪೂರ್ತಿ ಮಾಯವಾಗುತ್ತವೆ. ಡಿಸ್ಕು ಸತ್ತೇ ಹೋಗಿದೆ, ಅದರ ಡೇಟಾ ಬೇಡ ಎಂದು ಖಾತ್ರಿಯಾದ ಮೇಲಷ್ಟೇ ಮುಟ್ಟಬೇಕಾದ ಆಯ್ಕೆ ಅದು.

ಡಿಸ್ಕು ಚೆನ್ನಾಗಿದ್ದು ತಲೆ ಮಾತ್ರ ಅಳಿಸಿದ್ದರೆ ಪಿವಿಕ್ರಿಯೇಟ್ ಕಮಾಂಡಿಗೆ ಹಳೆಯ ಯುಯುಐಡಿಯನ್ನೂ ಬ್ಯಾಕಪ್ ಫೈಲನ್ನೂ ಒಟ್ಟಿಗೆ ಕೊಡಬೇಕು. ಯುಯುಐಡಿ ಕೊಟ್ಟು ಫೈಲ್ ಕೊಡದಿದ್ದರೆ ಅದು ಒಪ್ಪುವುದಿಲ್ಲ. ಡೇಟಾ ಎಲ್ಲಿಂದ ಶುರುವಾಗುತ್ತಿತ್ತು ಎಂದು ಫೈಲಿನಿಂದಲೇ ತಿಳಿಯಬೇಕು. ಊಹೆಯಲ್ಲಿ ಬರೆದರೆ ಡೇಟಾದ ಮೇಲೆಯೇ ಬರೆದಂತಾದೀತು. ಲೇಬಲ್ ಬಿದ್ದ ಮೇಲೆ ವಿಜಿಸಿಎಫ್‌ಜಿರಿಸ್ಟೋರ್. ಇಡೀ ಕಾರ್ಯಾಚರಣೆಯಲ್ಲಿ ನಿಧಾನಿಸಬೇಕಾದ ಕ್ಷಣ ಒಂದೇ: ಯಾವ ಡಿಸ್ಕಿಗೆ ಈ ಕಮಾಂಡ್ ಕೊಡುತ್ತಿದ್ದೇನೆ? ಹೆಸರನ್ನು ನಂಬಬಾರದು, ಸೀರಿಯಲ್ ನಂಬರ್ ನೋಡಬೇಕು. ಆದ್ದರಿಂದ ಯಾವ ಯುಯುಐಡಿ ಯಾವ ಸೀರಿಯಲ್‌ಗೆ ಸೇರಿದ್ದು ಎಂಬ ಪಟ್ಟಿ ಬ್ಯಾಕಪ್ ಫೈಲಿನ ಜೊತೆಗೇ ಇರಬೇಕು. ಎಲ್‌ವಿಎಂ ಫೈಲಿನಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಇರುತ್ತದೆಂದು ನಂಬಿಕೊಳ್ಳುವ ಹಾಗಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಂಥ ಹೊಸ ವ್ಯವಸ್ಥೆಗಳಲ್ಲಿ ಇನ್ನೊಂದು ಪುಟ್ಟ ಅಡಚಣೆ ಇದೆ. ಯಾವ ಡಿಸ್ಕುಗಳನ್ನು ಎಲ್‌ವಿಎಂ ನೋಡಬಹುದು ಎಂಬ ಪಟ್ಟಿಯೇ ಬೇರೆ ಫೈಲಿನಲ್ಲಿರುತ್ತದೆ. ಡಿಸ್ಕು ಅದರಲ್ಲಿಲ್ಲದಿದ್ದರೆ ಎಲ್ಲ ಸರಿಯಿದ್ದರೂ ಕಾಣದು. ಎಲ್‌ವಿಎಂಡಿವೈಸಸ್ ಕಮಾಂಡಿನಿಂದ ಸೇರಿಸಬೇಕು.

ಜಾಗವನ್ನು ಮೊದಲೇ ಕೊಡದೆ ಬರೆದಾಗಷ್ಟೇ ಹಂಚುವ ಥಿನ್ ಪೂಲ್ ಇರುವ ಕಡೆ ಈ ಧೈರ್ಯ ಬೇಡ. ಅಲ್ಲಿ ಲೆಕ್ಕ ಎರಡು ಪದರದ್ದು. ಪೂಲ್ ಎಲ್ಲಿದೆ ಎಂಬುದು ಮಾತ್ರ ಪಠ್ಯದಲ್ಲಿ. ಪೂಲಿನೊಳಗೆ ಯಾವ ಬ್ಲಾಕ್ ಯಾರದು ಎಂಬ ನಕ್ಷೆ ಬೇರೊಂದು ಅಡಗಿದ ವಾಲ್ಯೂಮಿನಲ್ಲಿ, ಬೈನರಿಯಾಗಿ, ಕ್ಷಣಕ್ಷಣಕ್ಕೂ ಬದಲಾಗುತ್ತಾ ಇರುತ್ತದೆ. ಹಳೆಯ ಪಠ್ಯವನ್ನು ತಂದಿಟ್ಟರೆ ಎರಡಕ್ಕೂ ತಾಳೆ ತಪ್ಪುತ್ತದೆ. ವಿಜಿಸಿಎಫ್‌ಜಿರಿಸ್ಟೋರ್ ಇಂಥಲ್ಲಿ ಫೋರ್ಸ್ ಆಯ್ಕೆ ಇಲ್ಲದೆ ಕದಲದು; ಹಾಗೆ ಹಟ ಹಿಡಿಯುವುದು ಸರಿಯೇ. ಥಿನ್ ವಾಲ್ಯೂಮ್ ಅಳಿಸಿದರೆ ಒಳಗಿನ ನಕ್ಷೆಯಲ್ಲೂ ಅದರ ಬ್ಲಾಕುಗಳು ಬಿಡುಗಡೆಯಾಗಿರುತ್ತವೆ, ಹೊರಗಿನ ಪಠ್ಯ ತಂದು ಫಲವಿಲ್ಲ. ಒಳನಕ್ಷೆ ಕೆಟ್ಟಾಗ ನೋಡಲು, ರಿಪೇರಿ ಮಾಡಲು ಥಿನ್ ಚೆಕ್, ಥಿನ್ ಡಂಪ್, ಥಿನ್ ರಿಪೇರ್ ಎಂಬ ಬೇರೆ ಸಲಕರಣೆಗಳೇ ಇವೆ. ವರ್ಚುವಲ್ ಮಷಿನ್ ನಡೆಸಲು ಪ್ರಾಕ್ಸ್‌ಮಾಕ್ಸ್ ಹಾಕಿಕೊಂಡವರು ಇದನ್ನು ಗಮನಿಸಬೇಕು. ಅದರ ಸಾಮಾನ್ಯ ಅಳವಡಿಕೆಯಲ್ಲಿ ವರ್ಚುವಲ್ ಮಷಿನ್‌ಗಳ ಡಿಸ್ಕುಗಳು ಕೂರುವುದು ಥಿನ್ ಪೂಲಿನಲ್ಲೇ. ಅಂಥಲ್ಲಿ ಡೇಟಾದ ಬ್ಯಾಕಪ್ಪೇ ಗತಿ.

ಎಲ್‌ವಿಎಂ ಕೆಳಗೂ ಪದರಗಳಿರುತ್ತವೆ. ಪಾರ್ಟಿಶನ್ ಟೇಬಲ್‌ಗೆ ಹೆಚ್ಚು ಹೆದರಬೇಕಿಲ್ಲ. ಜಿಪಿಟಿ ಬಗೆಯದಾದರೆ ಡಿಸ್ಕಿನ ಕೊನೆಯಲ್ಲೂ ಒಂದು ನಕಲು ಇರುತ್ತದೆ, ಎಸ್‌ಎಫ್‌ಡಿಸ್ಕ್ ಕಮಾಂಡ್ ಅದನ್ನು ಪಠ್ಯವಾಗಿ ಉಗುಳಿಕೊಡುತ್ತದೆ. ಸಾಫ್ಟ್‌ವೇರ್ ರೇಡ್ ಇದ್ದರೆ ಎಂಡಿಎಡಿಎಂ ಕೊಡುವ ವಿವರವನ್ನೂ ಎತ್ತಿಡಬೇಕು. ಹಾರ್ಡ್‌ವೇರ್ ರೇಡ್ ಕಾರ್ಡುಗಳು ತಮ್ಮ ಲೆಕ್ಕವನ್ನು ಡಿಸ್ಕುಗಳ ಮೇಲೂ ಬರೆದಿರುತ್ತವೆ. ಕಾರ್ಡ್ ಕೆಟ್ಟು ಹೊಸದು ಹಾಕಿದಾಗ 'ಫಾರಿನ್ ಕಾನ್ಫಿಗರೇಶನ್' ಎಂದು ತೋರಿಸಿ ಇಂಪೋರ್ಟ್ ಮಾಡಲೇ, ಕ್ಲಿಯರ್ ಮಾಡಲೇ ಎಂದು ಕೇಳುತ್ತವೆ. ಗಾಬರಿಯಲ್ಲಿ ಕ್ಲಿಯರ್ ಒತ್ತಬಾರದು, ಅಷ್ಟೇ. ಝಡ್‌ಎಫ್‌ಎಸ್ ತನ್ನ ಲೇಬಲ್ಲನ್ನು ಪ್ರತಿ ಡಿಸ್ಕಿನಲ್ಲೂ ನಾಲ್ಕು ಕಡೆ ಬರೆಯುತ್ತದೆ, ಮುಂದೆ ಎರಡು, ಹಿಂದೆ ಎರಡು. ಅದನ್ನು ಬಳಸುವವರಿಗೆ ಈ ಲೇಖನದ ಬಹುಪಾಲು ಬೇಕಿಲ್ಲ.

ನಿಜಕ್ಕೂ ದಯೆ ಇಲ್ಲದ ಪದರ ಎನ್‌ಕ್ರಿಪ್ಶನ್‌ನದು. ಲಕ್ಸ್ ಬಳಸಿ ಡಿಸ್ಕಿಗೆ ಬೀಗ ಹಾಕಿದ್ದರೆ, ಡೇಟಾ ತೆರೆಯುವ ನಿಜವಾದ ಕೀಲಿ ಇರುವುದು ಅದರ ಹೆಡರ್‌ನಲ್ಲಿ, ಲಕ್ಸ್2ರಲ್ಲಿ ಸಾಮಾನ್ಯವಾಗಿ ಮೊದಲ 16 ಮೆಬಿಬೈಟ್. ನಮ್ಮ ಪಾಸ್‌ವರ್ಡ್ ತೆರೆಯುವುದು ಆ ಕೀಲಿಯ ಪೆಟ್ಟಿಗೆಯನ್ನು ಮಾತ್ರ. ಹೆಡರ್ ಹಾಳಾದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಏನೂ ಬರದು, ಯಾವ ಡೇಟಾ ರಿಕವರಿ ಅಂಗಡಿಯವರಿಂದಲೂ ಆಗದು. ಕ್ರಿಪ್ಟ್‌ಸೆಟಪ್‌ನ ಹೆಡರ್ ಬ್ಯಾಕಪ್ ಇದಕ್ಕೆಂದೇ ಇದೆ. ಆದರೆ ಈ ಪ್ರತಿಯನ್ನು ಮೂರು ಕಿಲೋಬೈಟಿನ ಪಠ್ಯದ ಹಾಗೆ ಎಲ್ಲೆಂದರಲ್ಲಿ ಇಡುವಂತಿಲ್ಲ. ಕೆಲಸ ಬಿಟ್ಟುಹೋದವರ ಪಾಸ್‌ವರ್ಡನ್ನು ಇವತ್ತು ತೆಗೆದುಹಾಕಿದರೂ ನಿನ್ನೆಯ ಹೆಡರ್ ಪ್ರತಿಯಲ್ಲಿ ಅದು ಜೀವಂತವಾಗಿರುತ್ತದೆ. ಆ ಪ್ರತಿಯೂ ಡಿಸ್ಕೂ ಅವರ ಕೈಗೆ ಸಿಕ್ಕರೆ ಬೀಗ ತೆರೆದಂತೆಯೇ.

ಪ್ರತಿ ಇಟ್ಟರೆ ಸಾಲದು, ಅದರಿಂದ ಏಳುತ್ತದೆಯೇ ಎಂದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟ್ ಹೋಯಿತು. ದಿನನಿತ್ಯದ ಡೇಟಾಬೇಸ್ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು, ವಿಫಲವಾದದ್ದನ್ನು ತಿಳಿಸುವ ಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈ ಹಿಡಿದದ್ದು ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಮರಳಿ ತರುವ ಕೆಲಸದ ನೇರಪ್ರಸಾರವನ್ನೂ ಯೂಟ್ಯೂಬ್‌ನಲ್ಲಿ ಮಾಡಿತು.

ವಾಲ್ಯೂಮ್ ಕಾನ್ಫಿಗರೇಶನ್ ವಿಷಯದಲ್ಲಿ ಇಂಥ ತಾಲೀಮಿಗೆ ಸರ್ವರ್ ಕೂಡ ಬೇಡ. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಒಂದೊಂದು ಗಿಬಿಬೈಟಿನ ಎರಡು ಖಾಲಿ ಫೈಲ್ ಮಾಡಿ, ಲೂಪ್ ಡಿವೈಸ್ ಆಗಿ ತಗುಲಿಸಿದರೆ ಎಲ್‌ವಿಎಂ ಅವನ್ನು ಡಿಸ್ಕುಗಳೆಂದೇ ತಿಳಿಯುತ್ತದೆ. ಎರಡನ್ನೂ ಸೇರಿಸಿ ಒಂದು ಗ್ರೂಪು ಮಾಡಿದರೆ ಒಂದೊಂದರಲ್ಲೂ 256 ಎಕ್ಸ್‌ಟೆಂಟ್ ಬರಬೇಕಾದಲ್ಲಿ 255 ಕಾಣುತ್ತದೆ; ತಲೆಯ ಒಂದು ಮೆಬಿಬೈಟ್ ಲೆಕ್ಕಕ್ಕೆ ಹೋಗಿದೆ, ಉಳಿದ ಚೂರು ಇಡೀ ಎಕ್ಸ್‌ಟೆಂಟ್ ಆಗುವಷ್ಟಿಲ್ಲ. ಒಂದೂವರೆ ಗಿಬಿಬೈಟಿನ ವಾಲ್ಯೂಮ್ ಮಾಡಿ, 384 ಎಕ್ಸ್‌ಟೆಂಟ್. ಅದು ಅನಿವಾರ್ಯವಾಗಿ ಎರಡೂ ಡಿಸ್ಕುಗಳ ಮೇಲೆ ಹರಡಿಕೊಳ್ಳುತ್ತದೆ. ಫೈಲ್ ಸಿಸ್ಟಮ್ ಹಾಕಿ, ಒಂದಷ್ಟು ಫೋಟೊ ತುಂಬಿಸಿ, ಅವುಗಳ ಚೆಕ್‌ಸಮ್ ಬರೆದಿಟ್ಟುಕೊಳ್ಳಿ. ಬ್ಯಾಕಪ್ ತೆಗೆಯಿರಿ. ಅನ್‌ಮೌಂಟ್ ಮಾಡಿ, ಗ್ರೂಪನ್ನು ಡಿಆಕ್ಟಿವೇಟ್ ಮಾಡಿ, ಎರಡನೇ ಡಿಸ್ಕಿನ ಮೊದಲ ಒಂದು ಮೆಬಿಬೈಟನ್ನು ಸೊನ್ನೆಯಿಂದ ಒರೆಸಿಬಿಡಿ. ಈಗ ಎಲ್‌ವಿಎಂ ಯುಯುಐಡಿ ಸಿಗುತ್ತಿಲ್ಲವೆಂದು ಗೋಳಾಡುತ್ತದೆ. ಆ ಯುಯುಐಡಿಯನ್ನು ಬ್ಯಾಕಪ್ ಫೈಲಿನಲ್ಲಿ ಹುಡುಕಿ, ಪಿವಿಕ್ರಿಯೇಟ್, ರಿಸ್ಟೋರ್, ಆಕ್ಟಿವೇಟ್. ಫೋಟೊಗಳ ಚೆಕ್‌ಸಮ್ ಮತ್ತೆ ತೆಗೆದರೆ ಒಂದೂ ಬದಲಾಗಿರುವುದಿಲ್ಲ, ಒರೆಸಿದ ಭಾಗದಲ್ಲಿ ಲೆಕ್ಕ ಬಿಟ್ಟು ಬೇರೇನೂ ಇರಲಿಲ್ಲವಲ್ಲ. ಎರಡನೇ ಸಲ ಮಾಡುವಾಗ ಮೂರನೇ ಮೆಬಿಬೈಟಿನವರೆಗೂ ಒರೆಸಿ ನೋಡಿ. ಲೆಕ್ಕ ವಾಪಸ್ ಬರುತ್ತದೆ, ಆ ಜಾಗದಲ್ಲಿ ಇದ್ದದ್ದು ಬರುವುದಿಲ್ಲ. ಎರಡರ ವ್ಯತ್ಯಾಸ ಓದಿ ತಿಳಿಯುವುದಕ್ಕಿಂತ ಹೀಗೆ ಬೇಗ ತಿಳಿಯುತ್ತದೆ.

ಹೊರಗಡೆ ಪ್ರತಿಯೇ ಇಲ್ಲ, ರೂಟ್ ಕೂಡ ಅದೇ ಗ್ರೂಪಿನಲ್ಲಿತ್ತು, ಎಲ್ಲ ಒಟ್ಟಿಗೆ ಹೋಗಿದೆ ಎಂದಾದರೆ? ಮೊದಲು ಡಿಸ್ಕುಗಳ ಪೂರ್ತಿ ಇಮೇಜ್ ತೆಗೆದು, ಮುಂದಿನದೆಲ್ಲ ಆ ನಕಲಿನ ಮೇಲೆ ಮಾಡಬೇಕು. ಗ್ರೂಪಿನ ಒಂದು ಡಿಸ್ಕಿನ ತಲೆಯಾದರೂ ಉಳಿದಿದ್ದರೆ ಇಡೀ ಪಠ್ಯ ಅಲ್ಲಿದೆ. ಸುತ್ತಿ ಬರೆಯುವ ಏರ್ಪಾಡಿನಿಂದಾಗಿ ಹಳೆಯ ಆವೃತ್ತಿಗಳೂ ಇರಬಹುದು. ಪಿವಿಸಿಕೆ ಎಂಬ ಕಮಾಂಡಿನ ಡಂಪ್ ಆಯ್ಕೆಗೆ 'ಮೆಟಾಡೇಟಾ ಸರ್ಚ್' ಎಂದು ಹೇಳಿದರೆ ಆ ಜಾಗವನ್ನು ಜಾಲಾಡಿ ಸಿಕ್ಕ ಆವೃತ್ತಿಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಬೇಕಾದ್ದನ್ನು ಫೈಲಿಗೆ ಇಳಿಸಿಕೊಂಡು, ಅದರಿಂದಲೇ ಡಿಸ್ಕಿನ ತಲೆಯನ್ನು ರಿಪೇರಿ ಮಾಡುವ ಆಯ್ಕೆಯೂ ಅದೇ ಕಮಾಂಡಿನಲ್ಲಿದೆ. ಅದೂ ಇಲ್ಲವಾದರೆ ಉಳಿಯುವುದು ಫೈಲ್ ಸಿಸ್ಟಮ್‌ಗಳು ತಾವೇ ಬಿಟ್ಟ ಗುರುತುಗಳು. ಎಕ್ಸ್‌ಎಫ್‌ಎಸ್ ಎಲ್ಲಿ ಶುರುವಾಗುತ್ತದೋ ಅಲ್ಲಿ 'ಎಕ್ಸ್‌ಎಫ್‌ಎಸ್‌ಬಿ' ಎಂಬ ನಾಲ್ಕು ಅಕ್ಷರ ಇರುತ್ತದೆ. ಎಕ್ಸ್ಟ್4 ತನ್ನ ಗುರುತನ್ನು ಶುರುವಿನಿಂದ 1,080ನೇ ಬೈಟಿನಲ್ಲಿ ಇಡುತ್ತದೆ. ಡಿಸ್ಕನ್ನು ನಾಲ್ಕು ನಾಲ್ಕು ಮೆಬಿಬೈಟ್ ಹೆಜ್ಜೆಯಲ್ಲಿ ಹುಡುಕುತ್ತಾ ಹೋದರೆ ವಾಲ್ಯೂಮ್‌ಗಳ ತಲೆಗಳು ಸಿಕ್ಕಾವು. ಹಿಗ್ಗಿಸದೆ ಒಂದೇ ತುಂಡಾಗಿ ಉಳಿದಿದ್ದ ವಾಲ್ಯೂಮ್ ಆದರೆ ತಲೆ ಸಿಕ್ಕರೆ ಸಾಕು, ಉದ್ದ ಎಷ್ಟೆಂದು ಫೈಲ್ ಸಿಸ್ಟಮೇ ಹೇಳುತ್ತದೆ. ನಾಲ್ಕು ಸಲ ಹಿಗ್ಗಿಸಿ ಮೂರು ಡಿಸ್ಕಿಗೆ ಹಂಚಿಹೋದದ್ದಾದರೆ ಉಳಿದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ, ಫೈಲ್ ಸಿಸ್ಟಮ್ ಒಪ್ಪುತ್ತದೆಯೇ ಎಂದು ನೋಡುತ್ತಾ ಕೂರಬೇಕು. ಅಂಥ ಕೆಲಸ ಹಿಡಿಯುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಹಳೆಯ ಟಿಕೆಟ್ಟು, ಮೇಲು, ಸ್ಕ್ರೀನ್‌ಶಾಟ್, ಎಲ್ಲಿಯಾದರೂ ಆ ಫೈಲಿನ ನಾಲ್ಕು ಸಾಲು ಅಂಟಿಸಿಟ್ಟಿದ್ದೀರಾ?